ಬಿರುಕು ಬಿಟ್ಟ ಗಾಜು, ವಿಮೆಯ ಲೆಕ್ಕ

ನಮ್ಮ ಯಾವಗಲ್ ಸೀಮೆಯ ಎರೆಹೊಲಗಳಲ್ಲಿ ಹಕ್ಕಿ ಕಾಯುವ ಹುಡುಗರಿಗೆ ಕವಣೆಗೊಂದು ಕಲ್ಲು ಸಿಗುವುದೂ ಕಷ್ಟ. ಕಲ್ಲುಗಳೇನಿದ್ದರೂ ರಸ್ತೆಯ ಮೇಲೆ! ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಕಾರು ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಜಲ್ಲಿ ಹೇರಿದ ಟಿಪ್ಪರೊಂದು ನಮ್ಮನ್ನು ಹಿಂದೆ ಹಾಕಿ ಹೋಗುವಾಗ ಕಡಲೆಕಾಳಿನಷ್ಟು ಕಲ್ಲೊಂದು ಸಿಡಿದು, ನನ್ನ ಹಳೆಯ ಸಣ್ಣ ಕಾರಿನ ಮುಂಗಾಜಿನ ಅಂಚಿಗೆ 'ಟಕ್' ಎಂದು ಬಡಿಯಿತು. ಅಂದು ಶನಿವಾರ. ಆಗ ಕಂಡದ್ದು ನಕ್ಷತ್ರದಂಥ ಒಂದು ಗುರುತು ಮಾತ್ರ. ಸೋಮವಾರದ ಹೊತ್ತಿಗೆ ಅದು ಗೇಣುದ್ದದ ಗೆರೆಯಾಗಿತ್ತು.

"ಅಪ್ಪಾ, ಮತ್ತ ಯಾರೂ ಮುಟ್ಟಿಲ್ಲ, ತಾನ ಹೆಂಗ ಬೆಳೀತು?" ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬಿರುಕಿನ ತುದಿ ಬಹಳ ಚೂಪಾಗಿರುವುದರಿಂದ ಗಾಜಿನ ಮೇಲಿನ ಒತ್ತಡವೆಲ್ಲ ಆ ತುದಿಗೆ ಬಂದು ಕೂಡುತ್ತದೆ. ಗ್ರಿಫಿತ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಬಗ್ಗೆ 1921ರಲ್ಲಿಯೇ ಬರೆದ. ಹೊರಗೆ ಬಿಸಿಲು, ಒಳಗೆ ಎ.ಸಿ.ಯ ತಂಪು, ಕೆಳಗೆ ರಸ್ತೆಯ ಕುಲುಕಾಟ. ಬಿರುಕು ಬೆಳೆಯಲು ಇನ್ನೇನು ಬೇಕು? ಆದರೂ ಗಾಜು ಉದುರಲಿಲ್ಲ. ಮುಂಗಾಜು ಎಂದರೆ ಎರಡು ಹಾಳೆ ಗಾಜು, ನಡುವೆ ಅಂಟಿಕೊಂಡ ಒಂದು ಪ್ಲಾಸ್ಟಿಕ್ ಪೊರೆ. ಫ್ರಾನ್ಸಿನ ಬೆನೆಡಿಕ್ಟಸ್ 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ಪಡೆದ. ಪ್ರಯೋಗಾಲಯದಲ್ಲಿ ಕೈಜಾರಿ ಬಿದ್ದ ಸೀಸೆಯೊಂದು ಒಡೆದರೂ ಚೂರಾಗದೆ ಉಳಿದದ್ದನ್ನು ನೋಡಿ ಅವನಿಗೆ ಇದು ಹೊಳೆಯಿತೆಂಬ ಕಥೆ ಪ್ರಸಿದ್ಧ.

ಎಲ್ಲ ಏಟಿಗೂ ಹೊಸ ಗಾಜು ಬೇಕಿಲ್ಲ. ಗುರುತು ನಾಣ್ಯಕ್ಕಿಂತ ಚಿಕ್ಕದಿದ್ದು, ಅಂಚಿಗೂ ಚಾಲಕನ ಕಣ್ಣಿನ ನೇರಕ್ಕೂ ಬಾರದಿದ್ದರೆ ಅದರೊಳಗೆ ರಾಳ ತುಂಬಿ, ನೇರಳಾತೀತ ಬೆಳಕಿನಲ್ಲಿ ಗಟ್ಟಿ ಮಾಡಿ ಸರಿಪಡಿಸಬಹುದು. ಅಲ್ಲಿಯವರೆಗೆ ಧೂಳು, ನೀರು ಹೋಗದಂತೆ ಪಾರದರ್ಶಕ ಟೇಪು ಅಂಟಿಸಿಡಬೇಕು. ನಮ್ಮದು ಅಂಚಿನ ಬಿರುಕು, ಬದಲಿಸದೆ ಗತಿಯಿರಲಿಲ್ಲ.

ಇನ್ನು ವಿಮೆ. ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಅದರಲ್ಲಿ ನಮ್ಮ ಗಾಜಿಗೆ ಪೈಸೆಯೂ ಬರುವುದಿಲ್ಲ. ಸ್ವಂತ ಹಾನಿಯ ವಿಮೆಯೂ ಇರಬೇಕು. ಗಾಜು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ, ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ. ಪಾಲಿಸಿ, ಆರ್.ಸಿ., ಲೈಸೆನ್ಸ್, ಗ್ಯಾರೇಜಿನ ಅಂದಾಜುಪಟ್ಟಿ ಇಷ್ಟು ಕೈಯಲ್ಲಿರಲಿ. ಕಂಪನಿಯ ಸರ್ವೇಯರ್ ನೋಡಿ ಒಪ್ಪಿದ ಮೇಲೆಯೇ ಕೆಲಸ ಶುರುವಾಗಬೇಕು. ಮಂಜೂರಾದ ಹಣ ಕೊಡಲು ಕಂಪನಿ ಸತಾಯಿಸಿದರೆ ಮೊದಲು ಅದಕ್ಕೇ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ.

ಆದರೆ ಕ್ಲೇಮು ಮಾಡುವುದೋ ಬಿಡುವುದೋ ಎಂಬುದು ಗಣಿತದ ಪ್ರಶ್ನೆ. ಇದನ್ನು ನಾನು ನಮ್ಮ ಒಂಬತ್ತನೆಯ ತರಗತಿಯ ಹುಡುಗರಿಗೇ ಲೆಕ್ಕವಾಗಿ ಕೊಟ್ಟೆ. ಬಿಲ್ಲು 8,200 ರೂಪಾಯಿ: ಗಾಜು 6,600, ರಬ್ಬರ್ ಪಟ್ಟಿ 800, ಅಂಟು ಹಿಡಿದು ಕೂಲಿ 800. ಗಾಜಿಗೆ ಸವಕಳಿ ಇಲ್ಲ. ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ ಹಿಡಿಯುತ್ತಾರೆ. 1500 ಸಿ.ಸಿ.ವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 ರೂಪಾಯಿ. ಹೀಗೆ ಕಂಪನಿಯಿಂದ ಬರುವುದು 6,800.

ಇನ್ನೊಂದು ಕಡೆ ಕಳೆದುಕೊಳ್ಳುವುದೂ ಇದೆ. ಕ್ಲೇಮಿಲ್ಲದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಕ್ರಮವಾಗಿ ಶೇಕಡಾ 20, 25, 35, 45, 50 ರಿಯಾಯಿತಿ ಸಿಗುತ್ತದೆ. ಬೇರೆ ರಕ್ಷಣೆ ಕೊಂಡಿರದಿದ್ದರೆ ಒಂದು ಕ್ಲೇಮಿಗೆ ಅದು ಸೊನ್ನೆಗೆ ಇಳಿಯುತ್ತದೆ. ನನಗಿದ್ದದ್ದು 35, ಮುಂದಿನ ವರ್ಷ 45 ಆಗಬೇಕಿತ್ತು. ಮೂಲ ಪ್ರೀಮಿಯಂ 3,000 ಎಂದೇ ಹಿಡಿದರೆ ಮುಂದಿನ ಐದು ವರ್ಷಗಳ ನಷ್ಟ 1,350, 900, 750, 450, 150, ಒಟ್ಟು 3,600. ಬರುವುದೇ ಹೆಚ್ಚು, ಆದ್ದರಿಂದ ಕ್ಲೇಮು ಮಾಡಿದೆ. ಅದೇ ಪ್ರೀಮಿಯಂ 6,000 ಇದ್ದಿದ್ದರೆ ನಷ್ಟ 7,200 ಆಗುತ್ತಿತ್ತು. ಕೈಯಿಂದ ಕೊಡುವುದೇ ಲೇಸು. ಪಾಲಕರೇ, ಶೇಕಡಾವಾರು ಏಕೆ ಕಲಿಯಬೇಕೆಂದು ಮಕ್ಕಳು ಕೇಳಿದರೆ ನಿಮ್ಮ ಪಾಲಿಸಿಯನ್ನೇ ಅವರ ಮುಂದಿಡಿ.

ಮೊದಲು ಹೋದ ಗ್ಯಾರೇಜಿನಲ್ಲಿ ಬೇರೆಯೇ ಗಣಿತ ನಡೆದಿತ್ತು. "ಸರ, ಬಂಪರ್ ಗೀಚೈತಿ ನೋಡ್ರಿ. ಗೋಡಿಗೆ ಬಡದೇತಿ ಅಂತ ಬರದಬಿಡ್ರಿ, ಪುಕ್ಕಟೆ ಬಣ್ಣಾ ಆಗ್ತೈತಿ" ಎಂದರು. ಆ ಗೀರು ಎರಡು ವರ್ಷ ಹಳೆಯದು. ಮಗಳು ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ಸುಳ್ಳು ಹೇಳಿಕೆ ಸಿಕ್ಕಿಬಿದ್ದರೆ ಇಡೀ ಕ್ಲೇಮೇ ತಿರಸ್ಕೃತವಾಗಬಹುದು ಎಂಬುದು ಒಂದು ಮಾತು. ಪ್ರಯೋಗದಲ್ಲಿ ಕಂಡದ್ದನ್ನೇ ಬರೆಯಿರಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಮೇಲೆ ಆ ಫಾರ್ಮಿಗೆ ಸಹಿ ಹೇಗೆ ಹಾಕಲಿ ಎಂಬುದು ಇನ್ನೊಂದು ಮಾತು. ಅವರಿಗೆ ಕೈಮುಗಿದು ಹುಬ್ಬಳ್ಳಿಯಲ್ಲೇ ಬೇರೆ ಗ್ಯಾರೇಜಿಗೆ ಹೋದೆವು.

ದುಡ್ಡು ಬಂದ ಮಾತ್ರಕ್ಕೆ ರಿಪೇರಿ ಒಳ್ಳೆಯದಾಯಿತೆಂದು ತಿಳಿಯಬಾರದು. ಗಾಜಿನ ಮೂಲೆಯಲ್ಲಿ ಐ.ಎಸ್.ಐ. ಗುರುತು, ಐ.ಎಸ್. 2553 ಎಂಬ ಸಂಖ್ಯೆ ಇವೆಯೇ ನೋಡಿ. ಹಳೆಯ ಗಾಜು ತೆಗೆದಾಗ ಚೌಕಟ್ಟಿನ ತಗಡಿಗೆ ಗೀರು ಬಿದ್ದಿದ್ದರೆ ಪ್ರೈಮರ್ ಹಚ್ಚಿಸಿ. ಇಲ್ಲದಿದ್ದರೆ ತುಕ್ಕು ಹಿಡಿದು ಅಂಟು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ ಆ ಅಂಟು. ಅದು ಪಾಲಿಯುರೆಥೇನ್, ಗಾಳಿಯಲ್ಲಿರುವ ತೇವವನ್ನು ಹೀರಿಯೇ ಗಟ್ಟಿಯಾಗುತ್ತದೆ. ನಮ್ಮ ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಅದು ನಿಧಾನ. ಅಪಘಾತವಾದಾಗ ಛಾವಣಿ ಕುಸಿಯದಂತೆ ಆನಿಸುವುದರಲ್ಲಿ ಮುಂಗಾಜಿನ ಪಾಲಿದೆ. ಎಷ್ಟೋ ಕಾರುಗಳಲ್ಲಿ ಎಡಬದಿಯ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೇ ಒರಗುತ್ತದೆ. ಅಂಟು ಹಸಿಯಿದ್ದರೆ ಗಾಜೇ ಕಿತ್ತು ಹೋದೀತು.

ಕೆಲಸ ಮುಗಿದಾಗ ಸಂಜೆ ಐದು ಗಂಟೆ. ಮರುದಿನ ಬೆಳಿಗ್ಗೆ ಧಾರವಾಡದಲ್ಲಿ ಮಗಳ ಪರೀಕ್ಷೆ. "ಅರ್ಧಾ ತಾಸು ಬಿಟ್ಟು ತಗೊಂಡ್ ಹೋಗ್ರಿ ಸರ" ಎಂದ ಹುಡುಗ. ಅಂಟಿನ ಕೊಳವೆಯ ಮೇಲೆ ಎಷ್ಟು ಹೊತ್ತು ಎಂದು ಬರೆದಿದೆ ನೋಡೋಣ ಎಂದೆ. ಅರ್ಧ ತಾಸು ಎಂದೇನೂ ಬರೆದಿರಲಿಲ್ಲ. ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಧಾರವಾಡದ ನನ್ನ ಷಡ್ಡಕರ ಮನೆ ಸೇರಿದೆವು. ಮಗಳು ಬಸ್ಸಿನಲ್ಲಿ ನಿಂತುಕೊಂಡೇ ಓದಿದಳು, ಗೊಣಗಲಿಲ್ಲ.

ಪರೀಕ್ಷೆ ಮುಗಿಸಿ ಮಧ್ಯಾಹ್ನ ಗ್ಯಾರೇಜಿಗೆ ಬಂದೆವು. ಗಾಜಿನ ಸುತ್ತ ಕೊಡದಿಂದ ನೀರು ಸುರಿಯಲು ಹೇಳಿದೆ. ಒಳಗೆ ಕುಳಿತ ಮಗಳು ಅಂಚುಗುಂಟ ಬೆರಳಾಡಿಸಿ ನೋಡಿ, "ಒಂದು ಹನೀನೂ ಬಂದಿಲ್ಲಪ್ಪಾ" ಎಂದಳು. ಆಮೇಲೆಯೇ ಕೆಲಸ ತೃಪ್ತಿಕರ ಎಂಬ ಕಾಗದಕ್ಕೆ ಸಹಿ ಹಾಕಿದೆ.