ಒಂದು ಗೇಣು ಮೆತ್ತೆ

ಆಟದ ಅಂಗಳದಲ್ಲಿ ಮಗುವಿಗೆ ಆಗುವ ಪೆಟ್ಟಿಗೆ ಜಾರುಬಂಡೆಯ ಎತ್ತರ ಎಷ್ಟು ಕಾರಣವೋ ಅದರ ಬುಡದ ನೆಲವೂ ಅಷ್ಟೇ ಕಾರಣ. ಗಟ್ಟಿ ನೆಲಕ್ಕೆ ತಾಗಿದ ತಲೆ ತಟ್ಟನೆ ನಿಂತುಬಿಡುತ್ತದೆ. ಸಡಿಲವಾದ ಹಾಸಿದ್ದರೆ ಅದರ ಚೂರುಗಳು ಸರಿದು, ತಗ್ಗಿ, ಬಿದ್ದ ವೇಗವನ್ನು ಕೆಲವು ಇಂಚುಗಳ ಆಳದವರೆಗೆ ಎಳೆದು ಇಳಿಸುತ್ತವೆ. ತೊಗಟೆ, ಮರದ ಚಕ್ಕೆ, ಮರಳು, ಉರುಟಾದ ಸಣ್ಣ ಕಲ್ಲು ಇವೆಲ್ಲ ಮಾಡುವ ಕೆಲಸ ಇದೊಂದೇ.

ಪಶ್ಚಿಮ ದೇಶಗಳಲ್ಲಿ ಚರ್ಮ ಹದಮಾಡಿ ಉಳಿದ ಓಕ್ ತೊಗಟೆಯನ್ನು ಮೊದಲು ಸರ್ಕಸ್ಸಿನ ಕಣದಲ್ಲಿ, ಕುದುರೆ ಸವಾರಿಯ ಅಂಗಳದಲ್ಲಿ ಹರಡುತ್ತಿದ್ದರು. ಮಕ್ಕಳ ಪಾಲಿಗೆ ಅದು ಬಂದದ್ದು ಆಮೇಲೆ. ನಮ್ಮ ಕಡೆ ಚರ್ಮ ಹದಮಾಡಲು ಬಳಕೆಯಾದದ್ದು ಬಯಲುಸೀಮೆಯ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆ. ಬೀಳುವವರಿಗೆ ಮೆತ್ತನೆಯ ನೆಲ ಬೇಕೆಂಬ ತಿಳಿವಳಿಕೆ ಮಾತ್ರ ಇಲ್ಲಿ ಗರಡಿಮನೆಯಲ್ಲಿತ್ತು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ಕುಸ್ತಿಗೆ ಮೊದಲು ಅಗೆದು ಸಡಿಲ ಮಾಡುತ್ತಿದ್ದರು. ಪೈಲ್ವಾನರಿಗೆ ಸಿಕ್ಕ ಈ ಮರ್ಯಾದೆ ಶಾಲೆಯ ಮಕ್ಕಳಿಗೆ ಸಿಗಲಿಲ್ಲ.

ಈ ಪ್ರಬಂಧಕಾರ ಓದಿದ, ಚನ್ನಪಟ್ಟಣದ ಆಸುಪಾಸಿನ ಒಂದು ಶಾಲೆಯಲ್ಲಿ ಕಬ್ಬಿಣದ ಜಾರುಬಂಡೆಯ ಬುಡಕ್ಕೆ ಕಾಂಕ್ರೀಟು ಹಾಕಿದ್ದರು, ಕೆಸರಾಗಬಾರದೆಂದು. ಕೆಸರಾಗಲಿಲ್ಲ; ಗಲ್ಲದ ಮೇಲೆ ಹೊಲಿಗೆಯ ಗುರುತು ಉಳಿಯಿತು. ಅದೇ ಶಾಲೆಯ ಹುಡುಗರು ಸಂಜೆ ಕಣದ ಪಕ್ಕದ ರಾಗಿ ಹುಲ್ಲಿನ ಮೆದೆಯಿಂದ ಜಿಗಿಯುತ್ತಿದ್ದರು. ಹುಲ್ಲು ಹಾಳಾಯಿತೆಂದು ದೊಡ್ಡವರ ಬೈಗುಳ ಬಿತ್ತೇ ಹೊರತು ಯಾರಿಗೂ ಪೆಟ್ಟು ಬೀಳಲಿಲ್ಲ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಆಟದ ಅಂಗಳಗಳ ಕೈಪಿಡಿಯನ್ನು ಮೊದಲು ತಂದದ್ದು 1981ರಲ್ಲಿ. ಅದರ ಈಚಿನ ಆವೃತ್ತಿಯ ಪ್ರಕಾರ 9 ಇಂಚು, ಅಂದರೆ ಒಂದು ಗೇಣು, ಮರದ ಚಕ್ಕೆ 10 ಅಡಿ ಎತ್ತರದ ಬೀಳುವಿಕೆಯನ್ನು ತಡೆದುಕೊಳ್ಳುತ್ತದೆ. ಅಷ್ಟೇ ದಪ್ಪಕ್ಕೆ ಉರುಟು ಕಲ್ಲು 5 ಅಡಿ, ಮರಳು 4 ಅಡಿ. ಇದು ತುಳಿದು ತಗ್ಗಿದ ಮೇಲೆ ಉಳಿಯಬೇಕಾದ ದಪ್ಪ. ಸಡಿಲ ಹಾಸು ಕಾಲಕ್ರಮೇಣ ಕಾಲುಭಾಗ ಕುಗ್ಗುವುದರಿಂದ ಮೊದಲಿಗೆ 12 ಇಂಚು ತುಂಬಬೇಕು. ಆಟದ ಸಾಧನದ ಸುತ್ತ 6 ಅಡಿ ಹರಡಬೇಕು. ಉಯ್ಯಾಲೆಗೆ ಹಿಂದೆ ಮುಂದೆ ಇನ್ನೂ ಹೆಚ್ಚು. ಕಾಂಕ್ರೀಟಿನ ಮೇಲೆಯೇ ಸುರಿಯಕೂಡದು, ನೀರು ಬಸಿದು ಹೋಗಬೇಕು.

ಇಂಥ ಹಾಸಿಗೆ ನಮ್ಮಲ್ಲಿ ಏನು ಸಿಗುತ್ತದೆ? ಚನ್ನಪಟ್ಟಣವಿರುವ ರಾಮನಗರ ಸೀಮೆ ಬಂಡೆಗಳದ್ದು. ರಾಮದೇವರ ಬೆಟ್ಟ, ಸಾವನದುರ್ಗಗಳಿಂದ ಕನಕಪುರದ ಕಲ್ಲುಗಣಿಗಳವರೆಗೂ ಕಲ್ಲೇ. ಹಾಗಾಗಿ ಅಗ್ಗವಾಗಿ ಸಿಗುವುದು ಕಲ್ಲಿನ ಪುಡಿ ಮತ್ತು ಎಂ ಸ್ಯಾಂಡ್. ಅವು ಬೇಡ. ಮೂಲೆಮೂಲೆಯಾದ ಕಣಗಳು, ನುಣ್ಣನೆಯ ದೂಳು ಸೇರಿ ಒಂದು ಮಳೆಗೆ ಅದು ರಸ್ತೆಯಂತೆ ಬಿಗಿದುಕೊಳ್ಳುತ್ತದೆ. ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು ಬೊಂಬೆ ಮಾಡುವ ಅಂಗಡಿಗಳ ಮುಂದೆ ಬೀಳುವ ಹೊಟ್ಟು ಕಣ್ಣಿಗೆ ಚೆನ್ನ, ಆದರೆ ತೀರ ಹಗುರ: ಗಾಳಿಗೆ ಹಾರುತ್ತದೆ, ಕಿಡಿ ತಾಗಿದರೆ ಹೊತ್ತುತ್ತದೆ. ತೆಂಗಿನ ನಾರಿನ ಪುಡಿ ನೀರು ಹಿಡಿದು ಕೆಸರಾಗುತ್ತದೆ. ಸಿಪ್ಪೆಯನ್ನು ದಪ್ಪ ಚೂರಾಗಿ ಕತ್ತರಿಸಿದರೆ ಅದಕ್ಕಿಂತ ವಾಸಿ. ನಿಜವಾಗಿ ಒಗ್ಗುವುದು ಮಾವಿನದು. ಈ ಸೀಮೆಯ ತಾಲ್ಲೂಕುಗಳಲ್ಲಿ ಮಾವಿನ ತೋಟಗಳಿವೆ. ಕೊಯ್ಲಾದ ಮೇಲೆ ಸವರಿದ ಕೊಂಬೆಗಳು ಒಲೆಗೆ ಹೋಗುತ್ತವೆ. ಯಂತ್ರಕ್ಕೆ ಕೊಟ್ಟರೆ ತೊಗಟೆ, ಚಕ್ಕೆ ಎರಡೂ ಬೆರೆತ ಹಾಸು ಸಿದ್ಧ. ಬಣ್ಣ ಬಳಿದ, ಮದ್ದು ಹೊಡೆದ ಹಳೆಯ ಮರವನ್ನು ಮಾತ್ರ ಸೇರಿಸಬಾರದು.

ಉಯ್ಯಾಲೆಯ ಕೆಳಗೆ ಕಾಲು ಕೆರೆದು ಕುಳಿ ಬೀಳುತ್ತದೆ. ಪೆಟ್ಟು ಬೀಳುವುದೂ ಅಲ್ಲೇ. ನಾಯಿ ಬೆಕ್ಕುಗಳು ಹೊಲಸು ಮಾಡುತ್ತವೆ, ಗಾಜು ಮೊಳೆ ಅಡಗುತ್ತವೆ, ತೊಗಟೆ ಕೊಳೆತು ಮಣ್ಣಾಗುತ್ತದೆ. ದಿನಕ್ಕೊಮ್ಮೆ ಕೆದಕಿ ಸಮಮಾಡುವ ಒಬ್ಬ ಆಳು, ಒಂದು ಹಲ್ಲುಕುಂಟೆ, ವರ್ಷಕ್ಕೊಮ್ಮೆ ಹೊಸ ಚಕ್ಕೆ ಇವಿಷ್ಟಕ್ಕೆ ಶಾಲೆಯ ಖರ್ಚಿನ ಪಟ್ಟಿಯಲ್ಲಿ ಜಾಗವಿಲ್ಲದಿದ್ದರೆ ಜಾರುಬಂಡೆಯನ್ನು ತರಿಸದಿರುವುದೇ ಲೇಸು.