ಕಲ್ಕತ್ತೆಯ ಅಕ್ಕಂದಿರು

ಕಲ್ಕತ್ತೆ ಎಂದರೆ ನಮ್ಮ ಶಿವಮೊಗ್ಗದ ಹೆಂಗಸರಿಗೆ ಮೊದಲು ನೆನಪಾಗುವುದು ಕಾಟನ್ ಸೀರೆ. ಗಂಜಿ ಹಾಕಿ ಇಸ್ತ್ರಿ ಮಾಡಿಸಿಟ್ಟರೆ ಬಿ.ಇ.ಓ. ಸಾಹೇಬರು ಶಾಲೆಗೆ ಬರುವ ದಿನಕ್ಕೂ ಆಯಿತು, ಸಂಜೆ ಆರತಕ್ಷತೆಗೂ ಆಯಿತು. ಎರಡನೆಯದು ರಸಗುಲ್ಲ. ಮೂರನೆಯದು ಹೌರಾ ಸೇತುವೆ. ಅದನ್ನು ನೋಡಿದ್ದು ಸಮಾಜ ಪುಸ್ತಕದ ಚಿತ್ರದಲ್ಲಿ. ಆ ಊರಿಗೆ ನಾನು ಹೋದವಳಲ್ಲ. 2001ರಲ್ಲಿ ಅದು ಕೋಲ್ಕತಾ ಆಯಿತು, ಮಕ್ಕಳಿಗೆ ಹಾಗೇ ಹೇಳಿಕೊಡುತ್ತೇನೆ, ಮನೆಗೆ ಬಂದ ಮೇಲೆ ನನ್ನ ಬಾಯಲ್ಲಿ ಮತ್ತೆ ಕಲ್ಕತ್ತೆಯೇ. ಆದರೂ ಅಲ್ಲಿಯ ಮನೆಗಳ ಒಳಕೋಣೆ, ಅಡುಗೆಮನೆ, ಬಾವಿಕಟ್ಟೆ, ಬಾಡಿಗೆ ಮನೆಯ ಕಿರಿದಾದ ಮೆಟ್ಟಿಲು ಇವೆಲ್ಲ ನನಗೆ ನನ್ನ ಸೋದರತ್ತೆಯ ಮನೆಯಷ್ಟೇ ಪರಿಚಿತ. ಸಿನಿಮಾದ ದಯೆಯಿಂದ.

ಎಂಬತ್ತರ ದಶಕದಲ್ಲಿ ದೂರದರ್ಶನದವರು ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಚಿತ್ರಗಳನ್ನು ಹಾಕುತ್ತಿದ್ದರು. ಊಟವಾದ ಮೇಲೆ ಗಂಡಸರಿಗೆ ನಿದ್ದೆಯ ಹೊತ್ತು, ಹೆಂಗಸರಿಗೆ ಅಕ್ಕಿ ಆರಿಸುವ ಹೊತ್ತು. ಭಾಷೆ ಅರ್ಥವಾಗದ, ಹಾಡು ಕುಣಿತ ಇಲ್ಲದ ಆ ಚಿತ್ರಗಳಿಗೆ ನಮ್ಮ ಬೀದಿಯಲ್ಲಿ 'ಅಳುಮುಂಜಿ ಸಿನಿಮಾ' ಎಂದೇ ಹೆಸರು. ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂನವರು ಹಳ್ಳಿಯ ಜನರನ್ನು ಕೂರಿಸಿ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸುತ್ತಿದ್ದ ಕಾಲ ಅದು. ಅಲ್ಲಿಗೆ ಹೋಗಿಬರಲು ಮನೆಯಲ್ಲಿ ಯಾರು ಕಳಿಸಬೇಕು? ನನ್ನ ಪಾಲಿಗೆ ಒದಗಿದ್ದು ಎದುರುಮನೆಯ ಕಪ್ಪು ಬಿಳುಪು ಟಿ.ವಿ., ಮೊರ ತುಂಬ ಅಕ್ಕಿ. 'ಪಥೇರ್ ಪಾಂಚಾಲಿ'ಯನ್ನು ನಾನು ನೋಡಿದ್ದು ಹಾಗೆ.

ಆ ಚಿತ್ರದ ಕಥೆಯಷ್ಟೇ ಚೆಂದದ್ದು ಅದು ಹುಟ್ಟಿದ ಕಥೆ. ಸತ್ಯಜಿತ್ ರೇ ಕಲ್ಕತ್ತೆಯ ಒಂದು ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದವರು. 1947ರಲ್ಲಿ ಗೆಳೆಯರೊಂದಿಗೆ ಸೇರಿ ಫಿಲ್ಮ್ ಸೊಸೈಟಿ ಕಟ್ಟಿದರು. 1952ರ ಅಕ್ಟೋಬರಿನಲ್ಲಿ ಚಿತ್ರೀಕರಣಕ್ಕೆ ಹೊರಟಾಗ ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಇಪ್ಪತ್ತರ ಆಸುಪಾಸಿನ ಹುಡುಗ, ಅದುವರೆಗೆ ಸಿನಿಮಾ ಕ್ಯಾಮೆರಾ ನಡೆಸಿದವನೇ ಅಲ್ಲ. ಅಕ್ಕ ತಮ್ಮ ಇಬ್ಬರೂ ರೈಲು ನೋಡಲು ಬಿಳಿ ಹೂವಿನ ಜೊಂಡಿನ ನಡುವೆ ಓಡುವ ದೃಶ್ಯ ನೆನಪಿದೆಯಲ್ಲ? ಅದರಲ್ಲಿ ಅರ್ಧ ತೆಗೆದು, ವಾರ ಬಿಟ್ಟು ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವಂತೆ. ಮತ್ತೆ ಹೂ ಬಿಡುವವರೆಗೆ ಒಂದು ವರ್ಷ ಕಾಯಬೇಕಾಯಿತು. ದುಡ್ಡು ಮುಗಿದಾಗ ವಿಮೆ ಪಾಲಿಸಿ ಹೋಯಿತು, ಪ್ರೀತಿಯಿಂದ ಕೂಡಿಟ್ಟ ಗ್ರಾಮಫೋನ್ ತಟ್ಟೆಗಳು ಹೋದವು, ಕೊನೆಗೆ ಹೆಂಡತಿ ವಿಜಯಾ ಅವರ ಒಡವೆ ಅಡವಿಗೆ ಹೋಯಿತು. ಜಗತ್ತಿನ ಸಿನಿಮಾ ಚರಿತ್ರೆ ಬರೆಯುವವರು ಒಡವೆಯ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅಡವಿಟ್ಟ ಬಳೆಯ ಚೀಟಿಯನ್ನು ಸೀರೆ ಮಡಿಕೆಯ ಕೆಳಗೆ ಬಚ್ಚಿಟ್ಟು ಬಲ್ಲ ನಮ್ಮಂಥವರು ಆ ಒಂದು ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ.

ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. ಹೆಸರಿನಲ್ಲಿ 'ಪಥ' ಇದ್ದುದರಿಂದ ರಸ್ತೆ ಕೆಲಸದ ಲೆಕ್ಕಕ್ಕೆ ಬರೆದುಕೊಂಡರು ಎಂದು ಇವತ್ತಿಗೂ ನಗುತ್ತ ಹೇಳುವವರಿದ್ದಾರೆ. 1955ರ ಮೇ ತಿಂಗಳಲ್ಲಿ ಚಿತ್ರದ ಮೊದಲ ಪ್ರದರ್ಶನ ನಡೆದದ್ದು ನ್ಯೂಯಾರ್ಕಿನಲ್ಲಿ, ಕೆಳಗೆ ಇಂಗ್ಲಿಷ್ ಸಾಲುಗಳೂ ಇಲ್ಲದೆ. ಮರುವರ್ಷ ಕಾನ್ ಚಿತ್ರೋತ್ಸವ ಅದನ್ನು ಅತ್ಯುತ್ತಮ ಮಾನವೀಯ ದಾಖಲೆ ಎಂದು ಕರೆದು ಗೌರವಿಸಿತು.

ಆ ಮಾನವೀಯತೆಯ ಅರ್ಧ ಭಾಗ ಚುನಿಬಾಲಾ ದೇವಿಯವರದು ಎಂದು ನನ್ನ ಲೆಕ್ಕ. ಎಂದೋ ರಂಗಭೂಮಿಯಲ್ಲಿದ್ದು ಜನ ಮರೆತೇಬಿಟ್ಟಿದ್ದ, ಎಂಬತ್ತು ಮುಟ್ಟಿದ ಮುದುಕಿ. ಬೆನ್ನು ಬಾಗಿದೆ, ಹಲ್ಲಿಲ್ಲ. ಹಂಗಿನ ಮನೆಯಲ್ಲಿ ತುತ್ತಿಗಾಗಿ ಕಾಯುವ ಇಂದಿರ್ ಅಜ್ಜಿಯಾಗಿ ಅವರು ಹರಿದ ಶಾಲು ಹೊದ್ದು ಕೂತರೆ ನಟನೆ ಎಂದು ಯಾರೂ ಹೇಳಲಾರರು. ನಮ್ಮ ದೊಡ್ಡ ಮನೆಗಳ ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದ ಮಡಿ ಹೆಂಗಸರನ್ನು ಕಂಡವರಿಗೆ ಆ ಮುಖ ಹೊಸದಲ್ಲ. ಚಿತ್ರ ಮುಗಿಯುವಷ್ಟರಲ್ಲಿ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಲಿಲ್ಲ, ಅಜ್ಜಿ ಸಾಯಲಿಲ್ಲ, ಇವು ಮೂರೂ ಪವಾಡಗಳೇ ಎಂದು ರೇ ಹೇಳಿಕೊಂಡಿದ್ದಾರೆ. ಪವಾಡ ಅಲ್ಲಿಗೇ ನಿಂತಿತು. ಚಿತ್ರಮಂದಿರದಲ್ಲಿ ಜನ ತನ್ನನ್ನು ನೋಡಿ ಅತ್ತದ್ದನ್ನು ಕಾಣುವ ಮೊದಲೇ ಚುನಿಬಾಲಾ ತೀರಿಕೊಂಡರು.

ತಾಯಿ ಸರ್ವಜಯಾ ಆದವರು ಕರುಣಾ ಬ್ಯಾನರ್ಜಿ, ರೇ ಅವರ ಗೆಳೆಯರೊಬ್ಬರ ಹೆಂಡತಿ. ನಾಟಕದಲ್ಲಿ ಅಭಿನಯಿಸಿದವರು, ಸಿನಿಮಾ ಹೊಸದು. ಊರಿಗೆ ಹಿಂತಿರುಗಿದ ಗಂಡ ಚೀಲದಿಂದ ಒಂದೊಂದೇ ಸಾಮಾನು ತೆಗೆದು ತೋರಿಸುತ್ತಾನೆ. ಮಗಳಿಗೆಂದು ತಂದ ಸೀರೆ ಕೈಗೆ ಬರುತ್ತದೆ. ಮಗಳು ಸತ್ತಿದ್ದಾಳೆಂದು ಅವನಿಗೆ ಗೊತ್ತಿಲ್ಲ. ಸರ್ವಜಯಾ ಸೀರೆಯನ್ನು ಹಲ್ಲಿನಿಂದ ಕಚ್ಚಿ ಒಡೆದುಹೋಗುತ್ತಾಳೆ. ಆಗ ನಮಗೆ ಕೇಳುವುದು ಅವಳ ಅಳುವಲ್ಲ, ತಾರ್ ಶಹನಾಯಿ ಎಂಬ ತಂತಿವಾದ್ಯ. ಅಕ್ಕಿ ಆರಿಸುತ್ತಿದ್ದ ಎದುರುಮನೆ ಕಮಲಮ್ಮನವರ ಕೈ ಮೊರದ ಮೇಲೆ ನಿಂತಿತ್ತು. ಮುಂದಿನ ಚಿತ್ರ 'ಅಪರಾಜಿತೋ' 1957ರಲ್ಲಿ ವೆನಿಸ್‌ನ ಸ್ವರ್ಣ ಸಿಂಹ ಗೆದ್ದಿತು. ಕರುಣಾ ಅವರ ಹೆಸರು ಬ್ರಿಟನ್ನಿನ ಪ್ರಶಸ್ತಿಗೆ ಅತ್ಯುತ್ತಮ ವಿದೇಶಿ ನಟಿಯರ ಪಟ್ಟಿಯಲ್ಲಿ ಸೇರಿತು.

ಅದೇ ಚಿತ್ರಕ್ಕೆ ಕಾಶಿಯ ಮನೆಯ ಒಳಾಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು. ಮಲೆನಾಡಿನ ಚೌಕಿ ಮನೆಯಲ್ಲಿ ಆಕಾಶದಿಂದ ಇಳಿದ ಬೆಳಕು ಗೋಡೆ ನೆಲ ಎಲ್ಲಕ್ಕೂ ಸಮನಾಗಿ ಹರಡುತ್ತದೆ, ಯಾವುದರದೂ ಗಟ್ಟಿ ನೆರಳು ಬೀಳುವುದಿಲ್ಲ. ದೀಪ ಹಚ್ಚಿ ಇದನ್ನು ತರುವುದು ಹೇಗೆ? ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಕೆಳಗಿನಿಂದ ಆ ಬಟ್ಟೆಗೆ ತಿರುಗಿಸಿದರು. ಬೆಳಕು ಬಟ್ಟೆಗೆ ಬಡಿದು ಮೆತ್ತಗಾಗಿ ಕೆಳಗಿಳಿಯಿತು. ಹೊರದೇಶದ ಛಾಯಾಗ್ರಾಹಕರಲ್ಲಿ ಇದು ಬಳಕೆಗೆ ಬರುವ ಎಷ್ಟೋ ಮೊದಲು ಕಲ್ಕತ್ತೆಯ ಈ ಹುಡುಗ ಮಾಡಿ ತೋರಿಸಿದ್ದ. ವಿಜ್ಞಾನದ ಮೇಷ್ಟ್ರಿಗೆ ನಾನು ಇದನ್ನು ಹೇಳಿದೆ. ಬೆಳಕಿನ ಪಾಠಕ್ಕೆ ಅವರು ದುಪ್ಪಟಿ ಕಟ್ಟಿ ಟಾರ್ಚು ಬಿಟ್ಟು ತೋರಿಸಿದರು, ಮಕ್ಕಳಿಗೆ ಪ್ರತಿಫಲನ ಜನ್ಮದಲ್ಲಿ ಮರೆಯುವುದಿಲ್ಲ.

'ಮಹಾನಗರ್' (1963) ನನಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ. ನಮ್ಮಲ್ಲಿ ಉದ್ಯೋಗಸ್ಥೆ ಎಂಬ ಶಬ್ದ ಲಗ್ನಪತ್ರಿಕೆಯ ಬಯೋಡಾಟಾದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಬೆಳಗ್ಗೆ ಎಂಟೂವರೆಗೆ ಡಬ್ಬಿ ಹಿಡಿದು ಹೊರಟಾಗ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಆ ಚಿತ್ರದ ಆರತಿ, ಬ್ಯಾಂಕ್ ಗುಮಾಸ್ತನ ಹೆಂಡತಿ, ಮನೆ ಸಾಗದೆ ಹೆಣಿಗೆ ಯಂತ್ರ ಮಾರುವ ಕೆಲಸಕ್ಕೆ ಸೇರುತ್ತಾಳೆ. ಮೊದಲ ಸಂಬಳದ ಗರಿಗರಿ ನೋಟು ಹಿಡಿದು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವ ಒಂದು ಗಳಿಗೆ ಇದೆ. ಮಾಧವಿ ಮುಖರ್ಜಿಯವರ ಆ ಮುಖವನ್ನು ಬರೆದು ವಿವರಿಸುವುದು ಆಗದ ಮಾತು. ಸಂಬಳ ತೆಗೆದುಕೊಂಡ ಹೆಂಗಸಿಗೆ ಬರೆಯದೆಯೂ ಗೊತ್ತು.

ಆದರೆ ನನ್ನ ಕರುಳಿಗೆ ಕೈ ಹಾಕಿದ್ದು ಆರತಿಯ ಮಾವ. ಅವರು ನಿವೃತ್ತ ಮೇಷ್ಟ್ರು. ಸೊಸೆಯ ದುಡಿಮೆ ಬೇಡ ಎಂಬ ಹಟದಲ್ಲಿ, ಕೈಯಲ್ಲಿ ಕಾಸಿಲ್ಲದೆ, ದೊಡ್ಡ ಮನುಷ್ಯರಾದ ಹಳೆಯ ಶಿಷ್ಯರ ಮನೆ ಬಾಗಿಲಿಗೆ ಒಂದೊಂದಾಗಿ ಹೋಗುತ್ತಾರೆ. ಕಣ್ಣಿನ ಡಾಕ್ಟರಾದ ಶಿಷ್ಯ ಪುಕ್ಕಟೆ ಕನ್ನಡಕ ಕೊಡುತ್ತಾನೆ. ನಾವು ಕಲಿಸಿದವರು ಮೇಲೆ ಬಂದರೆ ನಮಗೆ ಹೆಮ್ಮೆ ಎಂದು ಶಿಕ್ಷಕರ ದಿನಾಚರಣೆಯಲ್ಲಿ ಭಾಷಣ ಮಾಡುತ್ತೇವೆ. ಆ ಹೆಮ್ಮೆಗೆ ಬಾಡಿಗೆ ವಸೂಲಿ ಮಾಡಲು ಹೊರಟ ಮುದುಕನನ್ನು ನೋಡುವಾಗ ನಾನು ತಲೆ ತಗ್ಗಿಸಿದೆ. ರೇ ಅವನನ್ನು ಹಾಸ್ಯ ಮಾಡುವುದಿಲ್ಲ, ಬಯ್ಯುವುದೂ ಇಲ್ಲ. ಈ ಚಿತ್ರಕ್ಕೆ ಬರ್ಲಿನ್ನಿನಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕ ಎಂದು ಬೆಳ್ಳಿ ಕರಡಿ ಬಂತು. ನಾದಿನಿಯಾಗಿ ಓಡಾಡುವ ಚೂಟಿ ಹುಡುಗಿ ಯಾರು ಗೊತ್ತೆ? ಜಯಾ ಭಾದುರಿ, ಅವಳ ಮೊದಲ ಚಿತ್ರ. ಇದನ್ನು ಹೇಳಿದರೆ ನಮ್ಮ ಸ್ಟಾಫ್ ರೂಮಿನಲ್ಲಿ ರೇ ಬಗ್ಗೆ ಗೌರವ ಇನ್ನೂ ಒಂದು ಮೆಟ್ಟಿಲು ಏರುತ್ತದೆ!

ಇನ್ನು ಋತ್ವಿಕ್ ಘಟಕ್. ಢಾಕಾದಲ್ಲಿ ಹುಟ್ಟಿ, ದೇಶ ಒಡೆದ ನೋವನ್ನು ಕೊನೆಯವರೆಗೂ ಹೊತ್ತು, 1976ರಲ್ಲಿ ಐವತ್ತೇ ವರ್ಷಕ್ಕೆ ತೀರಿಹೋದವರು. ಹೊರಜಗತ್ತು ಅವರನ್ನು ಗುರುತಿಸಿದ್ದೆಲ್ಲ ಬಹುಮಟ್ಟಿಗೆ ಆಮೇಲೆ. ಅವರ 'ಮೇಘೇ ಢಾಕಾ ತಾರಾ' (1960) ಕಲ್ಕತ್ತೆಯ ಅಂಚಿನ ನಿರಾಶ್ರಿತರ ಕಾಲೋನಿಯ ಕಥೆ. ನೀತಾ ಮನೆಯ ದೊಡ್ಡ ಮಗಳು. ಇಲ್ಲೂ ಅಪ್ಪ ಮೇಷ್ಟ್ರೇ. ಪಾಠ ಹೇಳಿ ತಂದ ದುಡ್ಡಿನಲ್ಲಿ ತಂಗಿಗೆ ಸೀರೆ ಬೇಕು, ತಮ್ಮನಿಗೆ ಬೂಟು ಬೇಕು. ಅವಳ ಚಪ್ಪಲಿಯ ಬಾರು ಕಿತ್ತಿರುತ್ತದೆ. ಅವಳನ್ನು ಮದುವೆಯಾಗಬೇಕಾದವನು ತಂಗಿಯನ್ನು ಮದುವೆಯಾಗುತ್ತಾನೆ. ಮೆಟ್ಟಿಲಿಳಿದು ಬರುವ ನೀತಾಳ ಹಿಂದೆ ಚಾಟಿ ಬೀಸಿದ ಸದ್ದು ಕೇಳುತ್ತದೆ. ಕಡೆಗೆ ಕ್ಷಯ. ಶಿಲ್ಲಾಂಗಿನ ಬೆಟ್ಟದಲ್ಲಿ ಅಣ್ಣನನ್ನು ಹಿಡಿದು, ತನಗೆ ಬದುಕಬೇಕೆಂಬ ಆಸೆಯಿತ್ತು ಎಂದು ಕೂಗುತ್ತಾಳೆ. ಸುಹಾಸಿನಿಯ 'ಬೆಂಕಿಯಲ್ಲಿ ಅರಳಿದ ಹೂವು' ನೋಡಿ ಕಣ್ಣು ಒರೆಸಿಕೊಂಡ ನಮ್ಮೂರಿನ ಹೆಂಗಸರಿಗೆ ಈ ದುಡಿಯುವ ಹಿರಿಮಗಳು ಹೊಸಬಳೇನಲ್ಲ.

ನನಗಂತೂ ಅವಳು ಮನೆಯವಳೇ. ನಮ್ಮಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಅಕ್ಕನಿಗೆ ಇಪ್ಪತ್ತು ವರ್ಷ, ಟಿ.ಸಿ.ಎಚ್. ಮುಗಿಸಿದ್ದಳು. ಹಳ್ಳಿ ಶಾಲೆಗೆ ಮೇಡಮ್ ಆಗಿ ಹೋದವಳು ಮದುವೆಯ ಮಾತು ಬಂದಾಗಲೆಲ್ಲ 'ಮುಂದಿನ ವರ್ಷ' ಎಂದಳು. ಅಣ್ಣ ಬೊಂಬಾಯಿಗೆ ಹೋದ. ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ನನಗೆ ಗಂಡು ಬಂತು. ಆ ಮುಂದಿನ ವರ್ಷ ಅಕ್ಕನ ಕ್ಯಾಲೆಂಡರಿನಲ್ಲಿ ಬರಲೇ ಇಲ್ಲ. ಹಾಗಾಗಿ ಈ ಚಿತ್ರದಲ್ಲಿ ನನ್ನ ಜಾಗ ಯಾವುದೆಂದು ನನಗೆ ಗೊತ್ತು. ಅದು ಸೀರೆ ಕೇಳುವ ತಂಗಿಯ ಜಾಗ. ಅಕ್ಕನಿಗೆ ತೋರಿಸಬೇಕೋ ಬೇಡವೋ ಎಂದು ನಾಲ್ಕೈದು ವರ್ಷ ಸುಮ್ಮನಿದ್ದೆ.

ಅಕ್ಕನಿಗೆ ಈಗ ಅರವತ್ತೆಂಟು. ಕಳೆದ ದಸರಾ ರಜೆಯಲ್ಲಿ ಬಂದಾಗ ಮಗನ ಲ್ಯಾಪ್‌ಟಾಪಿನಲ್ಲಿ ಏನು ನೋಡ್ತಿದೀಯೆ ಎಂದು ಅವಳಾಗಿಯೇ ಪಕ್ಕದಲ್ಲಿ ಬಂದು ಕೂತಳು. ಚಪ್ಪಲಿಯ ದೃಶ್ಯದಲ್ಲಿ ತನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅಷ್ಟು ಬಿಟ್ಟರೆ ಕೊನೆಯವರೆಗೂ ಅಲುಗಲಿಲ್ಲ. ನಾನು ಮೂಗು ಒರೆಸಿಕೊಳ್ಳುತ್ತಿದ್ದೆ.

"ಆ ಹುಡುಗಿ ಮೊದಲ ಸಂಬಳದಲ್ಲೇ ಪೋಸ್ಟಾಫೀಸಲ್ಲಿ ಒಂದು ಆರ್.ಡಿ. ಮಾಡಬೇಕಿತ್ತು ಕಣೆ," ಎಂದಳು. "ನಾನು ಮಾಡಿದ್ದೆ. ತಿಂಗಳಿಗೆ ಇಪ್ಪತ್ತು ರೂಪಾಯಿ. ಅಮ್ಮನಿಗೂ ಹೇಳಿರಲಿಲ್ಲ."

"ಏನು ಮಾಡಿದೆ ಆ ದುಡ್ಡು?"

"ಎಂಥ ಮಾಡೋದು? ಬಿಡಿಸೋದು, ಮತ್ತೆ ಕಟ್ಟೋದು. ನಿನ್ನ ಬಿ.ಎಡ್. ಫೀಸು ಎಲ್ಲಿಂದ ಬಂತು ಅಂದ್ಕೊಂಡಿದ್ದೆ?"

ಆಮೇಲೆ ಎದ್ದು ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದಳು. ನಾನು ಆ ರಾತ್ರಿ ಬಹಳ ಹೊತ್ತು ಎಚ್ಚರವಿದ್ದೆ.

ಮೃಣಾಲ್ ಸೇನ್ ಬಗ್ಗೆ ಬರೆಯಹೊರಟರೆ ಇನ್ನೊಂದು ಪ್ರಬಂಧವೇ ಆದೀತು. 'ಏಕ್ ದಿನ್ ಪ್ರತಿದಿನ್' (1979) ಚಿತ್ರದಲ್ಲಿ ದುಡಿಯುವ ಮಗಳು ಒಂದು ರಾತ್ರಿ ಮನೆಗೆ ಬರುವುದಿಲ್ಲ. ಎಲ್ಲಿದ್ದಳು ಎಂದು ಚಿತ್ರ ಹೇಳುವುದೇ ಇಲ್ಲ, ಅವಳು ಬಾರದ ರಾತ್ರಿ ಮನೆಯವರೂ ವಠಾರದವರೂ ಏನೇನಾದರು ಎಂಬುದನ್ನಷ್ಟೇ ತೋರಿಸುತ್ತದೆ. ಅದು 1980ರಲ್ಲಿ ಕಾನ್ ಸ್ಪರ್ಧೆಗೆ ಹೋಯಿತು. 'ಖಾರಿಜ್'ನಲ್ಲಿ ಚಳಿಗೆ ಅಡುಗೆಮನೆಯಲ್ಲಿ ಮಲಗಿದ ಕೆಲಸದ ಹುಡುಗ ಇದ್ದಿಲ ಒಲೆಯ ಹೊಗೆಗೆ ಸತ್ತುಹೋಗುತ್ತಾನೆ. ಹಳ್ಳಿಯಿಂದ ಬಂದ ತಂದೆ ಏನು ಮಾಡಿಯಾನೋ ಎಂದು ಮನೆಯೊಡೆಯರು ನಡುಗುತ್ತಾರೆ, ಅವನು ಕೈ ಮುಗಿದು ಹೊರಟುಹೋಗುತ್ತಾನೆ. 1983ರಲ್ಲಿ ಇದಕ್ಕೆ ಕಾನ್‌ನ ತೀರ್ಪುಗಾರರ ಪ್ರಶಸ್ತಿ. ಎರಡಕ್ಕೂ ಸಂಗೀತ ನಮ್ಮ ಬಿ.ವಿ. ಕಾರಂತರದು ಎಂದು ತಿಳಿದಾಗ ತವರಿನ ಕಡೆಯವರು ಸಿಕ್ಕಷ್ಟು ಹಿಗ್ಗಾಯಿತು.

1992ರಲ್ಲಿ ಅಮೆರಿಕದವರು ಜೀವಮಾನದ ಆಸ್ಕರ್ ಕೊಟ್ಟಾಗ ರೇ ಕಲ್ಕತ್ತೆಯ ಆಸ್ಪತ್ರೆಯಲ್ಲಿದ್ದರು. ಮಲಗಿದಲ್ಲೇ ಪ್ರತಿಮೆ ಹಿಡಿದು ಮಾತಾಡಿದರು, ಆ ಏಪ್ರಿಲ್ 23ರಂದು ಹೋದರು. ಮರುವರ್ಷ ಲಂಡನ್ನಿನ ಒಂದು ಲ್ಯಾಬಿಗೆ ಬೆಂಕಿ ಬಿದ್ದು ಅಪುವಿನ ಮೂರೂ ಚಿತ್ರಗಳ ಮೂಲ ನೆಗೆಟಿವ್ ಸುಟ್ಟವು. ಸುರುಟಿ, ಅಂಟಿಕೊಂಡು ಉಳಿದ ಸುರುಳಿಗಳನ್ನು ಯಾರೋ ಎಸೆಯದೆ ಇಟ್ಟಿದ್ದರು. ಇಪ್ಪತ್ತು ವರ್ಷದ ಮೇಲೆ ಇಟಲಿಯ ಬೊಲೋನ್ಯಾದಲ್ಲಿ ಅವನ್ನು ಬಿಡಿಸಿ, ಹರಿದ ಅಂಚುಗಳನ್ನು ಕೈಯಿಂದಲೇ ತೇಪೆ ಹಾಕಿ ಸರಿಮಾಡಿದರು. ಕೂಡಿಬಾರದ ಕಡೆ ಬೇರೆ ಪ್ರತಿಗಳಿಂದ ತುಂಬಿದರು. 2015ರಲ್ಲಿ ಮತ್ತೆ ನ್ಯೂಯಾರ್ಕಿನಲ್ಲಿ ತೋರಿಸಿದರು. ನಾನು ಈಗ ನೋಡುವುದು ಆ ಪ್ರತಿಯನ್ನೇ. ದುರ್ಗಾ ಮಳೆಯಲ್ಲಿ ನೆನೆಯುವಾಗ ಒಂದೊಂದು ಹನಿಯೂ ಕಾಣುತ್ತದೆ.

ಬೇಸಿಗೆ ರಜೆಗೆ ಅಕ್ಕ ಮತ್ತೆ ಬಂದಿದ್ದಳು. "ನಿನ್ನ ಕಲ್ಕತ್ತೆದು ಇನ್ನೊಂದು ಹಾಕು, ಯಾರೂ ಸಾಯದೇ ಇರೋದು," ಎಂದಳು. 'ಚಾರುಲತಾ' ಹಾಕಿದೆ. ದೊಡ್ಡ ಮನೆಯಲ್ಲಿ ಒಬ್ಬಳೇ ಕೂತ ಚಾರು ಗಂಡನ ಕರವಸ್ತ್ರಕ್ಕೆ ಅಕ್ಷರ ಕಸೂತಿ ಹಾಕುತ್ತಿರುತ್ತಾಳೆ. ಅಕ್ಕ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದಳು.

"ಸ್ವಲ್ಪ ನಿಲ್ಸು," ಎಂದಳು. "ದಾರ ಎಷ್ಟೆಳೆ ತಗೊಂಡಿದಾಳೆ ನೋಡೋಣ."