ಪೆಟ್ಟು ಬಿದ್ದಾಗ ವಯಸ್ಸೆಷ್ಟು?

‘ಮಕ್ಕಳ ತಲೆ ಗಟ್ಟಿ, ಎಷ್ಟು ಸಲ ಬಿದ್ದರೂ ಏಳುತ್ತವೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಅಜ್ಜಿಯರ ಕಾಲದಿಂದಲೂ ಇದೆ. ವಿಜ್ಞಾನವೂ ಒಮ್ಮೆ ಇದಕ್ಕೆ ತಲೆದೂಗಿತ್ತು. 1930ರ ದಶಕದಲ್ಲಿ ಅಮೆರಿಕದ ಮಾರ್ಗರೆಟ್ ಕೆನಾರ್ಡ್ ಕೋತಿಗಳ ಮೇಲೆ ಪ್ರಯೋಗ ನಡೆಸಿ, ಮಿದುಳಿಗೆ ಗಾಯವಾದಾಗ ದೊಡ್ಡವಕ್ಕಿಂತ ಮರಿಗಳು ಚೆನ್ನಾಗಿ ಚೇತರಿಸಿಕೊಳ್ಳುವುದನ್ನು ಕಂಡರು. ಆ ಮರಿಗಳಲ್ಲೂ ಕೆಲವಕ್ಕೆ ಬೆಳೆದಂತೆ ಕೈಕಾಲು ಬಿಗಿಯತೊಡಗಿದ್ದನ್ನು ಆಕೆಯೇ ಬರೆದಿದ್ದರು. ಜನರಿಗೆ ನೆನಪುಳಿದದ್ದು ಮಾತ್ರ ಮೊದಲ ಅರ್ಧ!

ನಮ್ಮ ಅಕ್ಕನ ಮಗ ಆರನೇ ವಯಸ್ಸಿನಲ್ಲಿ ಸ್ಕೂಟರಿನಿಂದ ಬಿದ್ದು ಎರಡು ದಿನ ಎಚ್ಚರ ತಪ್ಪಿದ್ದ. ತಿಂಗಳೊಳಗೆ ಓಡಾಡಿದ, ಮಗ್ಗಿ ಒಪ್ಪಿಸಿದ. ಮನೆಯವರು ಹರಕೆ ತೀರಿಸಿ ನಿಶ್ಚಿಂತರಾದರು. ತೊಂದರೆ ತಲೆ ಎತ್ತಿದ್ದು ಎಂಟನೇ ತರಗತಿಯಲ್ಲಿ. ಹೋಂವರ್ಕ್ ಅರ್ಧಕ್ಕೇ ನಿಲ್ಲುತ್ತಿತ್ತು. ಮಾತುಮಾತಿಗೆ ಸಿಟ್ಟು. ಎರಡು ಕೆಲಸ ಒಟ್ಟಿಗೆ ಹೇಳಿದರೆ ಗಲಿಬಿಲಿ. ಶಾಲೆಯವರು ‘ಸೋಮಾರಿ’ ಎಂದು ಷರಾ ಬರೆದರು. ಹಳೆಯ ಪೆಟ್ಟಿನ ವಿಷಯ ಹೊರಬಂದದ್ದು ನರರೋಗ ತಜ್ಞರು ಕೆದಕಿ ಕೇಳಿದಾಗಲೇ.

ಯೋಜನೆ ಹಾಕುವುದು, ಮನಸ್ಸನ್ನು ಹಿಡಿದಿಡುವುದು ಹಣೆಯ ಹಿಂದಿರುವ ಮಿದುಳಿನ ಕೆಲಸ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆರು ವರ್ಷದ ಮಗುವಿನಿಂದ ಆ ಕೆಲಸವನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಹಾಗಾಗಿ ಕೊರತೆಯೂ ಕಾಣುವುದಿಲ್ಲ. ಪಾಠ ಹೆಚ್ಚಾದಾಗ, ಶಿಸ್ತು ಬೇಕಾದಾಗ ಬಣ್ಣ ಬಯಲಾಗುತ್ತದೆ. ಆದ್ದರಿಂದ ಆಸ್ಪತ್ರೆಯ ಹಳೆಯ ಚೀಟಿಯನ್ನು ಜಾತಕದಷ್ಟೇ ಜೋಪಾನವಾಗಿಡಿ, ಶಾಲೆ ಬದಲಾದಾಗ ತೋರಿಸಿ. ಈಗ ನಮ್ಮ ಹುಡುಗನಿಗೆ ಪಾಠವನ್ನು ತುಂಡು ತುಂಡಾಗಿ ಕೊಡುತ್ತಾರೆ. ಬೈಗುಳ ಕಡಿಮೆಯಾಗಿದೆ, ಅಂಕ ಕೊಂಚ ಹೆಚ್ಚಿದೆ.

ಕಾಲೇಜು ಹುಡುಗರ ಕತೆ ಬೇರೆ. ಬಾಸ್ಟನ್ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆಗೆ ಪೆಟ್ಟಾದವರನ್ನು ಹತ್ತು ವರ್ಷಗಳವರೆಗೆ ಗಮನಿಸಿದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಖಿನ್ನತೆ ಹೆಚ್ಚಾಗಿ ಕಂಡವು. ಪೆಟ್ಟು ಸಣ್ಣದಾಗಿದ್ದರೂ ಅಷ್ಟೇ, ವಯಸ್ಸು ನಲವತ್ತರೊಳಗಿದ್ದರೂ ಅಷ್ಟೇ. ಬೈಕಿನಿಂದ ಬಿದ್ದೆದ್ದ ಇಪ್ಪತ್ತರ ಹುಡುಗನ ಬಿ.ಪಿ.ಯನ್ನು ನಮ್ಮಲ್ಲಿ ವರ್ಷಕ್ಕೊಮ್ಮೆ ಯಾರು ನೋಡಿಸುತ್ತಾರೆ?

ಇನ್ನು ಮನೆಯ ಹಿರಿಯರು. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗಿ ಅದರ ಹೊರಗಿನ ಸಣ್ಣ ರಕ್ತನಾಳಗಳು ಬಿಗಿದಿರುತ್ತವೆ. ಬಚ್ಚಲಲ್ಲಿ ಜಾರಿ ತಲೆ ತಗುಲಿದರೂ ರಕ್ತ ಮೆಲ್ಲಗೆ ಜಿನುಗಬಹುದು. ವಾರಗಳ ಮೇಲೆ ಮರೆವು, ತೂಕಡಿಕೆ, ನಡಿಗೆಯಲ್ಲಿ ಓಲಾಟ ಕಂಡರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಬೇಡಿ, ಸ್ಕ್ಯಾನ್ ಮಾಡಿಸಿ. ಸಕಾಲಕ್ಕೆ ಗೊತ್ತಾದರೆ ಆ ರಕ್ತವನ್ನು ಹೊರತೆಗೆಯಬಹುದು.